ತನ್ನದೇ ಹೆಸರು ಮುನ್ನೂರ ಹನ್ನೊಂದು ಸಲ

ಬಚ್ಚಲಿನ ಕನ್ನಡಿಯ ಮುಂದೆ ಹಲ್ಲುಜ್ಜುತ್ತ ನಿಂತಾಗಲೂ ಅವಳ ವಾದ ನಿಂತಿರಲಿಲ್ಲ. ಬಾಯಿ ತುಂಬ ನೊರೆ, ಎದುರಿಗೆ ತನ್ನದೇ ಮುಖ. ಆ ಮುಖವನ್ನೇ ಬಡ್ತಿಯ ಸಮಿತಿ ಎಂದುಕೊಂಡು, ಹಾಗಾದರೆ ನಾನು ಯಾರ ಹೆಸರು ಬರೆಯಬೇಕಿತ್ತು, ಇದ್ದರೆ ಒಬ್ಬರನ್ನಾದರೂ ತೋರಿಸಿ, ಎಂದು ಕೇಳುತ್ತಿದ್ದಳು. ತೋರಿಸುವುದಾದರೂ ಯಾರನ್ನು? ಗೋಡೆಯ ಹಾವಸೆಯ ಮೇಲೆ, ಅದರಲ್ಲೂ ವರ್ಷಗಟ್ಟಲೆ ಒಣಗಿ ಕಪ್ಪಗೆ ಮುದುರಿಕೊಂಡಿದ್ದು ನೀರು ಬಿದ್ದ ಕೂಡಲೇ ಹಸಿರಾಗುವ ಆ ಒಂದು ಜಾತಿಯ ಹಾವಸೆಯ ಮೇಲೆ, ಇಪ್ಪತ್ತನಾಲ್ಕು ವರ್ಷ ಕೂತು ಕೆಲಸ ಮಾಡಿದವರು ಭೂಮಿಯ ಮೇಲೆ ಅವಳೊಬ್ಬಳೇ. ಮೂವತ್ತೊಂದು ಪ್ರಬಂಧ ಬರೆದಿದ್ದಳು. ಪ್ರತಿ ಹೊಸ ಪ್ರಬಂಧದಲ್ಲೂ ಇದರ ತೇವ ಹೇಗೆ ಅಳೆದೆ, ಇದರ ಕೂದಲಿನಂಥ ಎಳೆಗಳನ್ನು ಹರಿಯದಂತೆ ಹೇಗೆ ಬಿಡಿಸಿದೆ ಎಂದು ಹೇಳಲೇಬೇಕು, ಅದನ್ನು ಹಿಂದೆ ಮಾಡಿ ತೋರಿಸಿದ್ದವಳ ಹೆಸರನ್ನೂ ಹೇಳಲೇಬೇಕು. ಆ ಹಿಂದಿನವಳು ತಾನೇ ಆಗಿದ್ದರೆ ಅದು ಯಾರ ತಪ್ಪು? ನಿನ್ನೆ ಸಂಜೆ ಕಚೇರಿಯ ಗುಮಾಸ್ತ ಕಣ್ಣು ತಪ್ಪಿಸಿಕೊಂಡು ಕೈಗಿಟ್ಟುಹೋದ ಲಕೋಟೆ ಅದನ್ನೇ ತಪ್ಪು ಅಂದಿತ್ತು. ಸ್ವ-ಉಲ್ಲೇಖ ಮುನ್ನೂರ ಹನ್ನೊಂದು ಎಂದು ದಪ್ಪಕ್ಷರದಲ್ಲಿ ಬರೆದು ಕೆಳಗೆ ಗೆರೆ ಎಳೆದಿದ್ದರು. ಗೆರೆ ಯಾಕೆ ಎಳೆಯಬೇಕಿತ್ತು, ಅಂಕಿ ಕಾಣುವುದಿಲ್ಲವೇ? ಅವಳು ನೊರೆ ಉಗುಳಿ ಬಾಯಿ ಮುಕ್ಕಳಿಸಿದಳು.

ಅಳತೆಯ ಈ ಕೋಲನ್ನು ಅವಳು ಕೇಳಿ ಪಡೆದಿರಲಿಲ್ಲ. ಒಬ್ಬರ ಪ್ರಬಂಧವನ್ನು ಉಳಿದವರು ತಮ್ಮ ಪ್ರಬಂಧಗಳಲ್ಲಿ ಎಷ್ಟು ಸಲ ಹೆಸರಿಸಿದರು ಎಂದು ಎಣಿಸುವುದು, ಹದಿಮೂರು ಪ್ರಬಂಧಗಳು ತಲಾ ಹದಿಮೂರು ಸಲವಾದರೂ ಹೆಸರಿಸಲ್ಪಟ್ಟಿದ್ದರೆ ನಿನ್ನ ಅಂಕಿ ಹದಿಮೂರು ಎಂದು ಹಣೆಗೆ ಅಂಟಿಸುವುದು. ಅವಳ ಒಟ್ಟು ಉಲ್ಲೇಖ ನಾನೂರ ಎಂಬತ್ತಮೂರು. ಅದರಲ್ಲಿ ತನ್ನವನ್ನು ಕಳೆದರೆ ಹೊರಗಿನವರದು ನೂರ ಎಪ್ಪತ್ತೆರಡು, ಅಂಕಿ ಹದಿಮೂರರಿಂದ ಧಡಕ್ಕನೆ ಆರಕ್ಕೆ. ಪ್ರಾಧ್ಯಾಪಕಿಯಾಗಲು ಹತ್ತು ಬೇಕು. ಐವತ್ತೈದು ದಾಟಿದವರು ಅರ್ಜಿ ಹಾಕುವಂತಿಲ್ಲ, ಅವಳಿಗೆ ಐವತ್ತನಾಲ್ಕು ಮುಗಿಯುತ್ತ ಬಂದಿತ್ತು, ಇದು ಮೂರನೆಯ ಅರ್ಜಿ. ಇದೇ ಕೊನೆಯದು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಲಕೋಟೆಯಲ್ಲಿ ದೊಡ್ಡ ಮನಸ್ಸು ಮಾಡಿ ಒಂದು ದಾರಿಯನ್ನೂ ಬಿಟ್ಟಿದ್ದರು. ಮುನ್ನೂರ ಹನ್ನೊಂದರ ಪಟ್ಟಿ ಲಗತ್ತಿಸಿದೆ, ಪ್ರತಿಯೊಂದರ ಎದುರಿಗೂ ಅನಿವಾರ್ಯ ಅಥವಾ ಅನಗತ್ಯ ಎಂದು ಗುರುತು ಹಾಕಿ, ಮೂಲ ಯಾವುದೆಂದು ಬರೆದು, ಮಧ್ಯಾಹ್ನ ಮೂರಕ್ಕೆ ಸಮಿತಿಯ ಮುಂದೆ ಹಾಜರಾಗುವುದು, ಅನಿವಾರ್ಯವಾದವನ್ನು ಮರಳಿ ಸೇರಿಸಿಕೊಳ್ಳಲಾಗುವುದು. ಹಾಜರಾಗುವುದು ಅಂತೆ. ಕಳ್ಳತನದ ಸಾಕ್ಷಿಗೆ ಕರೆದ ಹಾಗೆ.

ತಿಂಡಿಗೆ ಕೂತಾಗ ಗಂಡ ಪಟ್ಟಿಯನ್ನು ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಓದಿದ. ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವವನು, ಅಂಕಿ ಕಂಡರೆ ಕೈ ಸುಮ್ಮನಿರುವುದಿಲ್ಲ, ಅಂಚಿನಲ್ಲಿ ಶೇಕಡಾ ಅರವತ್ತನಾಲ್ಕು ಎಂದು ಪೆನ್ಸಿಲಿನಲ್ಲಿ ಬರೆದೂಬಿಟ್ಟ. ಅಂದರೆ ನಿನ್ನ ಬೆನ್ನನ್ನು ನೀನೇ ತಟ್ಟಿಕೊಂಡಿದ್ದೀಯ ಅಂತ ಇವರ ತಕರಾರು, ಎಂದು ನಕ್ಕ. ನಗು ತಮಾಷೆಯದೇ, ಮೂವತ್ತು ವರ್ಷದಿಂದ ಅದೇ ನಗು. ಆದರೆ ಇವತ್ತು ಅವಳಿಗೆ ಮೈಯೆಲ್ಲ ಉರಿಯಿತು. ಬೇರೆ ಯಾರೂ ತಟ್ಟದೇ ಇದ್ದಾಗ ಬೆನ್ನು ಇದೆಯೋ ಇಲ್ಲವೋ ಎಂದು ನೋಡಿಕೊಳ್ಳುವುದಕ್ಕಾದರೂ ತಟ್ಟಿಕೊಳ್ಳಬೇಕಾಗುತ್ತದೆ ಅಂದಳು. ಪಕ್ಕದಲ್ಲಿದ್ದ ಅತ್ತೆ, ಕಿವಿ ಅರ್ಧ ಮಂದವಾದರೂ ಮನೆಯ ಮಾತು ಒಂದನ್ನೂ ಬಿಡದವರು, ಇಂಥ ಕಡೆ ಕೆಲಸ ಬೇಡ ಅಂತ ನಾನು ಆವತ್ತೇ ಹೇಳಿರಲಿಲ್ವಾ ಎಂದರು. ಆವತ್ತು ಯಾವತ್ತು ಎಂದು ಕೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇಲ್ಲ. ನಲ್ಲಿ ಸೋರಿದರೆ, ಮೊಮ್ಮಗಳಿಗೆ ನೆಗಡಿಯಾದರೆ, ಪಕ್ಕದ ಮನೆಯವರು ಗೇಟು ಎತ್ತರಿಸಿದರೆ, ಎಲ್ಲದಕ್ಕೂ ಅತ್ತೆ ಆವತ್ತೇ ಹೇಳಿರುತ್ತಾರೆ, ಆವತ್ತು ಹೇಳಿದ್ದಕ್ಕೆ ಅದರ ಹಿಂದಿನ ಆವತ್ತು ಸಾಕ್ಷಿ. ಅತ್ತೆಯ ಅಂಕಿ ತೆಗೆದರೆ ಸಂಸ್ಥೆಯಲ್ಲಿ ಒಬ್ಬರೂ ಹತ್ತಿರ ಸುಳಿಯಲಾರರು ಎಂದು ಅವಳಿಗೆ ನಗು ಬಂದು, ನಗು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಚಹಾ ಅರ್ಧಕ್ಕೇ ಬಿಟ್ಟು ಎದ್ದಳು.

ಸಂಸ್ಥೆಯ ಮೆಟ್ಟಿಲ ಮೇಲೆ ಮುಖ್ಯಸ್ಥರು ಸಿಕ್ಕರು. ಸಿಗಬಾರದಿತ್ತು. ಒಂದೇ ಗುರುಗಳ ಕೈಕೆಳಗೆ, ಒಂದೇ ಕೋಣೆಯಲ್ಲಿ, ಎದುರುಬದುರು ಮೇಜಿನಲ್ಲಿ ಕೂತು ಕಲಿತವರು ಇಬ್ಬರೂ, ಅವರು ಎರಡು ವರ್ಷ ಮುಂದೆ ಅಷ್ಟೆ. ಆಗ ಅವರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ ನಿನಗೆ ನಿನ್ನ ರೆಪ್ಪೆ ಬಡಿದದ್ದೇ ಕಾಣುತ್ತದೆ ಎಂದು ಗುರುಗಳಿಂದ ಬೈಸಿಕೊಳ್ಳುತ್ತಿದ್ದರು. ಈಗ ಅವರ ಅಂಕಿ ಮೂವತ್ತೊಂದು. ಅವರು ನಿಂತು, ತಲೆ ಒಂದು ಕಡೆ ವಾಲಿಸಿ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಎಲ್ಲರದೂ ನೋಡಿದ್ದಾರೆ, ನನ್ನದೂ ಶುದ್ಧ ಮಾಡಿ ನೋಡಿದರು, ಮೂವತ್ತೊಂದರಲ್ಲಿ ಒಂದು ಮಾತ್ರ ಇಳಿಯಿತು ಎಂದು ಹೇಳಿದರು. ಇಳಿಯುವುದಾದರೂ ಹೇಗೆ? ಅವರು ಹದಿನೆಂಟು ಜನರಿಗೆ ಪದವಿ ಕೊಡಿಸಿದ್ದಾರೆ, ಹದಿನೆಂಟು ಜನವೂ ಮೊದಲ ಸಾಲಿನಲ್ಲೇ ಅವರ ಹೆಸರು ಬರೆದು ಮುಂದೆ ಹೋಗುತ್ತಾರೆ, ಅವರು ಹದಿನೆಂಟು ಜನರ ಹೆಸರು ಬರೆಯುತ್ತಾರೆ, ಯಾರೂ ತಮ್ಮ ಹೆಸರು ತಾವು ಬರೆದುಕೊಳ್ಳುವುದಿಲ್ಲ. ಎಷ್ಟು ಸಭ್ಯರು. ತನ್ನ ಬಳಿ ಬಂದ ವಿದ್ಯಾರ್ಥಿಗಳು ಮೂವರೇ, ಮೂವರಿಗೂ ಹಾವಸೆಯ ನಿಧಾನ ಸಹಿಸಲಾಗಲಿಲ್ಲ. ಒಂದು ಚೂರನ್ನು ಒಣಗಿಸಿಟ್ಟು ಎರಡು ವರ್ಷ ಕಾಯಬೇಕು ಎಂದಾಗ ಒಬ್ಬಳು ನಿಜವಾಗಿಯೂ ಅತ್ತಿದ್ದಳು. ಮೆಟ್ಟಿಲ ಮೇಲೆ ನಿಂತೇ ಅವಳು ಮುಖ್ಯಸ್ಥರಿಗೆ, ನಿಮ್ಮದು ಸ್ವ-ಉಲ್ಲೇಖವಲ್ಲ ಬಿಡಿ, ಮನೆಮಂದಿಯ ಉಲ್ಲೇಖ ಎಂದಳು. ಅವರು ನಗಲು ಹೋಗಿ, ಅರ್ಧದಲ್ಲಿ ಬಿಟ್ಟು, ಮೂರು ಗಂಟೆಗೆ ಸಿಗೋಣ ಎಂದು ಮೇಲೆ ಹತ್ತಿದರು. ಹೇಳಬಾರದಿತ್ತು ಅನ್ನಿಸಿತು, ಹೇಳಿದ್ದು ಸಾಲದು ಎಂದೂ ಅನ್ನಿಸಿತು.

ಪ್ರಯೋಗಾಲಯದ ಬಾಗಿಲು ಹಾಕಿಕೊಂಡು ಪಟ್ಟಿ ಹರಡಿದಳು. ಕಪಾಟುಗಳಲ್ಲಿ ಸಾಲು ಸಾಲಾಗಿ ಗಾಜಿನ ತಟ್ಟೆಗಳು, ಅಂಗೈಯಷ್ಟಗಲದವು, ಮುಚ್ಚಳ ಹಾಕಿದವು, ಒಂದೊಂದರಲ್ಲೂ ಒಣಗಿದ ಕಪ್ಪು ಚೂರು. ಮೊದಲ ನೂರಕ್ಕೆ ಗುರುತು ಹಾಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ತೇವದ ಅಳತೆಯ ವಿಧಾನ, ಅನಿವಾರ್ಯ. ಎಳೆ ಬಿಡಿಸುವ ವಿಧಾನ, ಅನಿವಾರ್ಯ. ಪ್ರತಿ ಗುರುತಿಗೂ ಸಿಟ್ಟು ಸ್ವಲ್ಪ ಸ್ವಲ್ಪ ಇಳಿದು ಅದರ ಜಾಗಕ್ಕೆ ಒಂದು ಬಗೆಯ ಗತ್ತು ಬರತೊಡಗಿತು. ಏನು ಕಡಿಮೆ ಕೆಲಸವೇ ಇದು? ಬರಿಗಣ್ಣಿಗೆ ಕಾಣದ ಎಳೆಯೊಂದನ್ನು ಒದ್ದೆ ಕುಂಚದ ಒಂದೇ ಕೂದಲಿನಿಂದ ಎತ್ತುವುದನ್ನು ಕಲಿಯಲು ಒಂದಿಡೀ ವರ್ಷ ಹೋಗಿತ್ತು, ಮಗಳು ಹೊಟ್ಟೆಯಲ್ಲಿದ್ದ ವರ್ಷ. ಆ ವಿಧಾನವನ್ನು ಆಮೇಲೆ ಇನ್ನೂರು ಸಲ ಬಳಸಿದ್ದಳು, ಬಳಸಿದಾಗಲೆಲ್ಲ ಹಾಗೆಂದು ಬರೆದಿದ್ದಳು. ಬರೆಯದಿದ್ದರೆ ಆಕಾಶದಿಂದ ಉದುರಿತು ಎನ್ನಬೇಕಿತ್ತೇ? ನೂರ ನಲವತ್ತರ ಹತ್ತಿರ ಬಂದಾಗ ಕೈ ನಿಂತಿತು. ಒಂದೇ ಪ್ರಬಂಧದಲ್ಲಿ, ಒಂದೇ ಪ್ಯಾರಾದಲ್ಲಿ, ಹತ್ತೊಂಬತ್ತು ಸಲ ಅವಳದೇ ಹೆಸರು. ಅದು ಬರೆದ ದಿನ ಚೆನ್ನಾಗಿ ನೆನಪಿದೆ. ಎಲ್ಲೋ ಇರುವ ಯಾರೋ ದೊಡ್ಡ ವಿದ್ವಾಂಸರು ಒಣಗಿ ಬದುಕುವ ಸಸ್ಯಗಳ ಬಗ್ಗೆ ಇಡೀ ಜಗತ್ತಿನ ಕೆಲಸವನ್ನು ಸಮೀಕ್ಷೆ ಮಾಡಿ ಬರೆದಿದ್ದರು, ಗೋಡೆಯ ಹಾವಸೆಯ ಬಗ್ಗೆ ಗಮನಾರ್ಹ ಅಧ್ಯಯನಗಳು ನಡೆದಿಲ್ಲ ಎಂದು ಒಂದು ಸಾಲಿನಲ್ಲಿ ಮುಗಿಸಿದ್ದರು. ನಡೆದಿಲ್ಲ. ಆ ಸಾಲನ್ನು ಅವಳು ಗ್ರಂಥಾಲಯದಲ್ಲಿ ನಿಂತುಕೊಂಡೇ ಓದಿದ್ದಳು, ಪಕ್ಕದಲ್ಲಿ ಯಾರಾದರೂ ನೋಡುತ್ತಿದ್ದಾರೋ ಎಂದು ತಿರುಗಿ ನೋಡಿದ್ದಳು, ಬೀದಿಯಲ್ಲಿ ಜಾರಿ ಬಿದ್ದವರು ನೋಡುವ ಹಾಗೆ. ಮಾರನೆಯ ವಾರವೇ ಹತ್ತೊಂಬತ್ತು ಸಲ ತನ್ನ ಹೆಸರನ್ನು ಮೊಳೆ ಹೊಡೆದ ಹಾಗೆ ಹೊಡೆದಳು. ಈಗ ಅದನ್ನು ನೋಡಿದರೆ ನಾಚಿಕೆ ಆಗಬೇಕಿತ್ತು. ಆಗಲಿಲ್ಲ. ಆದರೂ ಸಿಟ್ಟಿಗೆ ಬರೆದದ್ದು ಅನಿವಾರ್ಯ ಹೇಗಾದೀತು, ಹತ್ತೊಂಬತ್ತಕ್ಕೂ ಅನಗತ್ಯ ಎಂದು ಗುರುತು ಹಾಕಿ, ಪಕ್ಕದಲ್ಲಿ, ಬೇಕಾದರೆ ಮತ್ತೆ ಬರೆಯುತ್ತೇನೆ ಎಂದು ಸೇರಿಸಿ, ಆಮೇಲೆ ಅದನ್ನು ಹೊಡೆದುಹಾಕಿದಳು.

ಆಮೇಲೆ ಬಂದವು ಒಂಬತ್ತು ವರ್ಷದವು. ಒಟ್ಟು ಇಪ್ಪತ್ತೇಳು. ಈ ಹಾವಸೆ ಒಂಬತ್ತು ವರ್ಷ ಪೂರ್ತಿ ಒಣಗಿದ್ದರೂ ಮತ್ತೆ ಚಿಗುರುತ್ತದೆ ಎಂಬ ಮಾತು ಅವಳ ಕೆಲಸದಲ್ಲೆಲ್ಲ ಹೆಸರಾದ ಮಾತು, ಹೊರಗಿನವರು ಅವಳನ್ನು ಹೆಸರಿಸುವುದಿದ್ದರೆ ಬಹುಪಾಲು ಅದಕ್ಕಾಗಿಯೇ. ಇಪ್ಪತ್ತೇಳರ ಎದುರಿಗೂ ಮೂಲ ಬರೆಯಬೇಕು. ಕೊನೆಯ ಪ್ರಬಂಧ ತೆರೆದಳು, ಮೂಲಕ್ಕೆ ಅದರ ಹಿಂದಿನದನ್ನು ನೋಡಿ ಎಂದಿತ್ತು. ಹಿಂದಿನದು ತೆರೆದರೆ ಅದರ ಹಿಂದಿನದು. ಹೀಗೆ ಮೆಟ್ಟಿಲಿಳಿದು ಇಪ್ಪತ್ತೆರಡು ವರ್ಷದ ಹಿಂದಿನ ಪ್ರಬಂಧದ ನಾಲ್ಕನೆಯ ಪುಟಕ್ಕೆ ಬಂದು ನಿಂತರೆ ಅಲ್ಲಿ ಇದ್ದದ್ದು ಒಂದೇ ಸಾಲು, ನಾವು ಗಮನಿಸಿದ್ದೇವೆ ಎಂದು. ನಾವು ಅಂದರೆ ಯಾರು? ಪ್ರಬಂಧದ ಮೇಲೆ ಇದ್ದದ್ದು ಅವಳೊಬ್ಬಳ ಹೆಸರು. ಗಮನಿಸಿದ್ದು ಸೀಸೆಯಕ್ಕ. ಪ್ರಯೋಗಾಲಯದ ಗಾಜೆಲ್ಲ ತೊಳೆಯುತ್ತಿದ್ದ ಹೆಂಗಸು, ಕೊಳವೆ, ಸೀಸೆ, ತಟ್ಟೆ, ಮೂವತ್ತು ವರ್ಷ, ಕೈ ಯಾವಾಗಲೂ ಮೊಣಕೈವರೆಗೆ ಒದ್ದೆ, ಬೆರಳ ತುದಿ ಬೆಳ್ಳಗೆ ಸುಕ್ಕು. ಒಂದು ಬೆಳಿಗ್ಗೆ ಅವಳೇ ಬಂದು, ಮೇಡಂ, ನೀವು ಸತ್ತಿದೆ ಅಂತ ಇಟ್ಟಿದ್ದು ಎದ್ದು ಕೂತಿದೆ, ಬಂದು ನೋಡಿ, ಎಂದು ಕರೆದಿದ್ದಳು. ತೊಳೆಯುವ ಕಟ್ಟೆಯ ಪಕ್ಕ, ಎಸೆಯಲು ತೆಗೆದಿಟ್ಟ ಹಳೆಯ ತಟ್ಟೆಗಳ ನಡುವೆ, ನೀರು ಸಿಡಿದ ಒಂದರಲ್ಲಿ ಕಡುಹಸಿರು. ಮುಚ್ಚಳದ ಮೇಲೆ ಗುರುಗಳ ಕೈಬರಹದ ಚೀಟಿ, ಒಂಬತ್ತು ವರ್ಷದ ಹಿಂದಿನ ತಾರೀಖು. ಚೀಟಿ ಓದಿದವಳ ಎದೆ ಆವತ್ತು ಹೊಡೆದುಕೊಂಡ ರೀತಿ ಮದುವೆಯ ದಿನವೂ ಹೊಡೆದುಕೊಂಡಿರಲಿಲ್ಲ. ಅದೇ ಮಧ್ಯಾಹ್ನ ಬರೆಯಲು ಕೂತಳು. ಸೀಸೆಯಕ್ಕನ ಹೆಸರು ಎಲ್ಲಿಯೂ ಬರಲಿಲ್ಲ, ಬರಬೇಕು ಎಂದು ಹೊಳೆಯಲೂ ಇಲ್ಲ. ಈಗ ಹೊಳೆಯಿತು, ಮುಖಕ್ಕೆ ಬಿಸಿ ಹತ್ತಿತು. ಸರಿ, ಮೂಲದ ಕಡೆ ಅವಳ ಹೆಸರನ್ನೇ ಬರೆಯುತ್ತೇನೆ, ಗಾಜು ತೊಳೆದವಳು ಗಮನಿಸಿದ್ದು ಎಂದು ಇಪ್ಪತ್ತೇಳು ಸಲ ಬರೆದು ಅವರ ಮುಖಕ್ಕೆ ಹಿಡಿಯುತ್ತೇನೆ, ನೋಡಿ ಇದು ಸ್ವ-ಉಲ್ಲೇಖವೇ ಅಲ್ಲ ಎನ್ನುತ್ತೇನೆ. ತನ್ನ ಈ ಔದಾರ್ಯಕ್ಕೆ ತಾನೇ ಒಂದು ಗಳಿಗೆ ಮರುಳಾದಳು. ಆಮೇಲೆ ನೋಡಿದರೆ ಸೀಸೆಯಕ್ಕನ ನಿಜವಾದ ಹೆಸರು ಅವಳಿಗೆ ಗೊತ್ತಿರಲಿಲ್ಲ.

ಕಚೇರಿಗೆ ಫೋನು ಮಾಡಿದಳು. ಗುಮಾಸ್ತ ಹಳೆಯ ಹಾಜರಿ ಪುಸ್ತಕ ಹುಡುಕಿ ಪೂರ್ತಿ ಹೆಸರನ್ನೂ ಮಗಳ ಮನೆಯ ನಂಬರನ್ನೂ ಕೊಟ್ಟ, ಯಾಕೆ ಮೇಡಂ, ಹೋಗಿಬಿಟ್ಟರಾ ಎಂದು ಕೇಳಿದ. ಇಲ್ಲ, ಇದ್ದಾರೆ, ಎಂದಳು, ಇದ್ದಾರೋ ಇಲ್ಲವೋ ಗೊತ್ತಿಲ್ಲದೆ. ಇದ್ದಳು. ಫೋನಿನಲ್ಲಿ ಅದೇ ದನಿ, ನೀರಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ಏರಿದ ದನಿ. ಹಾವಸೆ ಮೇಡಂ ಅಲ್ವಾ, ಇನ್ನೂ ಅದನ್ನೇ ಒಣಗಿಸ್ತಾ ಇದ್ದೀರಾ ಎಂದು ನಕ್ಕಳು. ತಾನು ನಿವೃತ್ತಳಾದ ಮೇಲಿನ ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಫೋನು ಮಾಡದವರು ಇವತ್ತು ಯಾಕೆ ಮಾಡಿದಿರಿ ಎಂದು ಕೇಳಲಿಲ್ಲ, ಅದೇ ಕಷ್ಟವಾಯಿತು. ಆ ಹಸಿರು ತಟ್ಟೆಯ ದಿನ ನೆನಪಿದೆಯೇ ಎಂದು ಕೇಳಿ, ಒಂಬತ್ತು ವರ್ಷದ ಆ ಸಂಗತಿಯನ್ನು ಮೊದಲು ಕಂಡವಳು ನೀನೇ ಎಂದು ಇವತ್ತು ಬರೆದುಕೊಡುತ್ತಿದ್ದೇನೆ ಅಕ್ಕ, ಎಂದು ಸ್ವಲ್ಪ ದೊಡ್ಡದಾಗಿಯೇ ಹೇಳಿದಳು.

"ಒಂಬತ್ತು ವರ್ಷ ಅಂತ ಯಾರು ಹೇಳಿದ್ದು?"

"ಮುಚ್ಚಳದ ಮೇಲೆ ಚೀಟಿ ಇತ್ತಲ್ಲ ಅಕ್ಕ."

"ಮುಚ್ಚಳ ನಾನು ಹಾಕಿದ್ದು ಮೇಡಂ. ಅದರದ್ದು ಒಡೆದುಹೋಗಿತ್ತು. ಧೂಳು ಬೀಳುತ್ತೆ ಅಂತ ಅಲ್ಲೇ ಬಿದ್ದಿದ್ದ ಇನ್ನೊಂದನ್ನ ಮುಚ್ಚಿದೆ. ತಟ್ಟೆ ಅಂಥಾ ಹಳೇದೇನಲ್ಲ, ಹಿಂದಿನ ವರ್ಷ ನೀವೇ ಎಸೆಯೋಕೆ ಕೊಟ್ಟಿದ್ದು ಇರಬೇಕು."

"ಆವತ್ತೇ ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲ. ಹೇಳೋಣ ಅಂತ ಮಧ್ಯಾಹ್ನ ಬಂದೆ, ನೀವು ತಲೆ ಎತ್ತದೆ ಬರೀತಾ ಇದ್ರಿ, ಆಮೇಲೆ ಬಾ ಅಂದ್ರಿ."

ತಾರೀಖನ್ನು ಮುಚ್ಚಳದ ಮೇಲೆ ಬರೆಯಬೇಡ, ತಟ್ಟೆಯ ತಳಕ್ಕೆ ಬರೆ, ಮುಚ್ಚಳ ಅದಲುಬದಲಾಗುತ್ತದೆ. ಮೊದಲ ದಿನ ಬಂದ ವಿದ್ಯಾರ್ಥಿಗೆ ಅವಳು ಮೊದಲು ಹೇಳುವ ಮಾತು ಅದು. ಆ ಮೂವರಿಗೂ ಹೇಳಿದ್ದಳು. ಗುರುಗಳು ಹಳೆಯ ಕಾಲದವರು, ಮುಚ್ಚಳದ ಮೇಲೆಯೇ ಬರೆಯುತ್ತಿದ್ದರು ಎಂಬುದೂ ಗೊತ್ತಿತ್ತು. ಎಲ್ಲ ಗೊತ್ತಿದ್ದೂ ಆವತ್ತು ತಟ್ಟೆಯನ್ನು ಬೋರಲು ಹಾಕಿ ತಳ ನೋಡಲಿಲ್ಲ. ಯಾಕೆ ನೋಡಲಿಲ್ಲ? ನೋಡಿದ್ದರೆ ಒಂಬತ್ತು ವರ್ಷ ಹೋಗಿಬಿಡುತ್ತಿತ್ತು. ಆಗ ಅವಳಿಗೆ ಮೂವತ್ತೆರಡು, ಯಾರೂ ತಿರುಗಿ ನೋಡದ ಕೆಲಸ, ಎದುರು ಮೇಜಿನವರು ಆಗಲೇ ಊರೂರು ಸುತ್ತಿ ಭಾಷಣ ಮಾಡುತ್ತಿದ್ದರು. ಆಮೇಲೆ ಇಪ್ಪತ್ತೆರಡು ವರ್ಷ. ಎರಡು ಸಲ ಒಂಬತ್ತು ವರ್ಷ ಕಳೆದು ಮೇಲೆ ನಾಲ್ಕು ಉಳಿದಿತ್ತು. ಒಂದು ತಟ್ಟೆ, ಒಂದೇ ಒಂದು, ಒಣಗಿಸಿ ಕಪಾಟಿನ ಮೇಲಿಟ್ಟು ಕಾದಿದ್ದರೆ ಸತ್ಯವೋ ಸುಳ್ಳೋ ಎರಡು ಸಲ ಗೊತ್ತಾಗುತ್ತಿತ್ತು. ಎರಡು ವರ್ಷದ್ದು ಇಟ್ಟಿದ್ದಳು, ಮೂರರದ್ದು ಇಟ್ಟಿದ್ದಳು, ನಾಲ್ಕೂವರೆಯದು ಇಟ್ಟು ಚಿಗುರಿದ್ದನ್ನು ಕಂಡಿದ್ದಳು. ಒಂಬತ್ತರದ್ದು ಇಡಲಿಲ್ಲ, ಅದಾಗಲೇ ಗೊತ್ತಿರುವ ವಿಷಯ ಎಂದು. ಯಾರಿಗೆ ಗೊತ್ತು? ತನ್ನ ಹಿಂದಿನ ಪ್ರಬಂಧಕ್ಕೆ ಗೊತ್ತು. ಆ ಪ್ರಬಂಧಕ್ಕೆ ಅದರ ಹಿಂದಿನದರಿಂದ ಗೊತ್ತು. ಎದ್ದು ನೀರು ಕುಡಿದಳು, ಮತ್ತೆ ಕೂತಳು, ಇಪ್ಪತ್ತೇಳು ಸಾಲಿಗೂ ಅನಗತ್ಯ ಎಂದು ಬರೆಯುತ್ತ ಹೋದಳು. ಬರೆದು ಮುಗಿಸಿ ಹೊರಗಿನವರ ಪಟ್ಟಿ ತೆಗೆದಳು, ಅದರಲ್ಲಿ ಯಾರು ಯಾವುದಕ್ಕೆ ತನ್ನನ್ನು ಹೆಸರಿಸಿದ್ದಾರೆ ಎಂದು ಒಂದೊಂದಾಗಿ ಎಣಿಸಿದಳು. ನೂರ ಎಪ್ಪತ್ತೆರಡರಲ್ಲಿ ಅರವತ್ತನಾಲ್ಕು ಒಂಬತ್ತು ವರ್ಷದ ಮಾತಿಗಾಗಿಯೇ. ಎರಡು ಸಲ ಎಣಿಸಿದಳು. ಆಗ ಇದ್ದಕ್ಕಿದ್ದಂತೆ ನಗು ಬಂತು, ಒಬ್ಬಳೇ ಕೂತು ಜೋರಾಗಿಯೇ ನಕ್ಕಳು. ಸಮಿತಿ ಕೊಳೆ ಎಂದು ಪಕ್ಕಕ್ಕೆ ತಳ್ಳಿದ್ದರಲ್ಲಿ ಇನ್ನೂರ ಅರವತ್ತೈದು ಅವಳು ಕಣ್ಣಾರೆ ಕಂಡು, ಕೈಯಾರೆ ಮಾಡಿದ ಕೆಲಸ. ಶುದ್ಧ ಎಂದು ಎತ್ತಿಟ್ಟುಕೊಂಡಿದ್ದರಲ್ಲಿ ಅರವತ್ತನಾಲ್ಕು ಬರೀ ಮುಚ್ಚಳ.

ಮೂರು ಗಂಟೆಗೆ ಉದ್ದನೆಯ ಮೇಜಿನ ಆ ಕಡೆ ಮೂವರು ಕೂತಿದ್ದರು. ನಡುವೆ ಮುಖ್ಯಸ್ಥರು. ಅವರ ಎಡಕ್ಕೆ ಬೇರೆ ಸಂಸ್ಥೆಯಿಂದ ಬಂದ ಹಿರಿಯ ರಸಾಯನಶಾಸ್ತ್ರಜ್ಞೆ, ಶಾಲು ಹೊದ್ದು, ಕಣ್ಣು ಅರ್ಧ ಮುಚ್ಚಿ. ಬಲಕ್ಕೆ ಸಂಖ್ಯಾಶಾಸ್ತ್ರದ ಯುವ ಅಧ್ಯಾಪಕ, ಲ್ಯಾಪ್‌ಟಾಪಿನ ಹಿಂದೆ ಹಣೆ ಮಾತ್ರ ಕಾಣುತ್ತಿತ್ತು. ಅವಳು ಪಟ್ಟಿ ಕೊಟ್ಟಳು. ಅವನು ಪುಟ ತಿರುವುತ್ತ ಒಂದೊಂದನ್ನೂ ಒತ್ತತೊಡಗಿದ. ಕೀಲಿಗಳ ಸದ್ದಿನಲ್ಲಿ ಹತ್ತು ನಿಮಿಷ ಹೋಯಿತು. ಮುಖ್ಯಸ್ಥರು ನಡುನಡುವೆ ಕಿಟಕಿಯ ಕಡೆ ನೋಡಿ, ಬೆಳಗಿನ ಮಾತು ಮರೆತವರಂತೆ, ಮಗಳು ಹೇಗಿದ್ದಾಳೆ ಎಂದು ವಿಚಾರಿಸಿದರು. ಯುವಕ ಹಣೆ ಎತ್ತಿ, ನಲವತ್ತಾರು ಹೋದವು, ಇನ್ನೂರ ಅರವತ್ತೈದನ್ನು ಒಪ್ಪಿಕೊಂಡರೆ ಅಂಕಿ ಹನ್ನೆರಡು ಎಂದ. ಅವನ ದನಿಯಲ್ಲಿ ಸಂತೋಷವಿತ್ತು, ನಿಜವಾದ ಸಂತೋಷ. ಹಿರಿಯಾಕೆ ಕಣ್ಣು ತೆರೆದು, ನಾನು ಓದಿದ್ದೇನೆ, ಇವರ ಕ್ಷೇತ್ರದಲ್ಲಿ ಇವರನ್ನು ಬಿಟ್ಟರೆ ಯಾರಿದ್ದಾರೆ, ಒಪ್ಪಿಕೊಳ್ಳಬೇಕಾದ್ದೇ ಎಂದರು. ಹನ್ನೆರಡು. ಹತ್ತು ಸಾಕಿತ್ತು. ಕುರ್ಚಿಯ ಕೈ ಹಿಡಿದ ಅವಳ ಬೆರಳುಗಳು ಸಡಿಲವಾದವು, ಗಂಡನಿಗೆ ಹೇಳಿದರೆ ಅವನು ಶೇಕಡಾ ಎಷ್ಟು ಎಂದು ಕೇಳುತ್ತಾನೆ ಎಂಬುದೂ ಮನಸ್ಸಿಗೆ ಬಂತು, ಪ್ರಾಧ್ಯಾಪಕಿ ಎಂಬ ಪದ ಬಾಗಿಲ ಫಲಕದ ಮೇಲೆ ಹೇಗೆ ಕೂರುತ್ತದೆ ಎಂಬುದೂ. ಮುಖ್ಯಸ್ಥರು ಮುಗುಳ್ನಕ್ಕು, ಒಂದು ಸಣ್ಣ ಕುತೂಹಲ, ಒಂಬತ್ತು ವರ್ಷದ ಇಪ್ಪತ್ತೇಳನ್ನು ಯಾಕೆ ಹೊಡೆದುಹಾಕಿದಿರಿ, ಅದು ನಿಮ್ಮ ಅತಿ ಮುಖ್ಯವಾದ ಕೆಲಸವಲ್ಲವೇ ಎಂದು ಕೇಳಿದರು. ಪುನರುಕ್ತಿಯಾಗಿತ್ತು ಎಂದರೆ ಮುಗಿಯುತ್ತಿತ್ತು. ಆ ಪದ ನಾಲಿಗೆಯ ತುದಿಯಲ್ಲೇ ಇತ್ತು, ಚೆನ್ನಾದ, ಗೌರವಸ್ಥ ಪದ.

"ಅದು ಸುಳ್ಳು," ಎಂದಳು. "ಬರೆದಾಗ ಸುಳ್ಳು ಅಂತ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಲಿಲ್ಲ. ಇವತ್ತು ಗೊತ್ತಾಯಿತು."

ಆಮೇಲೆ ಎಲ್ಲವನ್ನೂ ಹೇಳಿದಳು, ಕಟ್ಟೆ, ನೀರು, ಚೀಟಿ, ಒಡೆದ ಮುಚ್ಚಳ, ಫೋನು. ಹೇಳುವಾಗ ದನಿ ಒಂದೆರಡು ಕಡೆ ಬಿರುಸಾಯಿತು, ಆಗಲಿ ಎಂದು ಬಿಟ್ಟಳು. ನೀವು ನನ್ನ ಹೆಸರನ್ನು ನಾನು ಬರೆದದ್ದನ್ನೆಲ್ಲ ಕಸ ಎಂದು ಗುಡಿಸಿದಿರಿ, ಅದರಲ್ಲಿ ಕಸ ನಲವತ್ತಾರು, ಅದನ್ನು ನಾನೇ ಆರಿಸಿ ಕೊಟ್ಟಿದ್ದೇನೆ, ಉಳಿದದ್ದರ ಮೇಲೆ ಯಾರಾದರೂ ಕೈ ಇಟ್ಟರೆ ನಾನು ಸುಮ್ಮನಿರುವವಳಲ್ಲ. ಆದರೆ ನೀವು ಹೊರಗಿನವರದು ಎಂದು ಕಣ್ಣಿಗೊತ್ತಿಕೊಂಡಿರಲ್ಲ, ಅದರಲ್ಲಿ ಅರವತ್ತನಾಲ್ಕು ತೆಗೆಯಿರಿ. ಯುವಕ ಗಾಬರಿಯಾದ. ಹೊರಗಿನವರ ಉಲ್ಲೇಖ ತೆಗೆಯಲು ಇದರಲ್ಲಿ ಕಾಲಮ್ಮೇ ಇಲ್ಲ ಮೇಡಂ ಎಂದ. ಇಲ್ಲದಿದ್ದರೆ ಕೈಯಲ್ಲಿ ಕಳೆಯಿರಿ ಎಂದಳು. ಅವನು ಮುಖ್ಯಸ್ಥರ ಮುಖ ನೋಡಿ, ಕಾಗದದ ಮೇಲೆ ಕಳೆದ. ಆ ಮಾತನ್ನು ಹೊತ್ತ ನಾಲ್ಕು ಪ್ರಬಂಧಗಳು ಬಿದ್ದುಹೋದವು. ಎಂಟು ಎಂದು ಮೆಲ್ಲಗೆ ಹೇಳಿದ, ಹೇಳಬಾರದ್ದನ್ನು ಹೇಳಿದವನಂತೆ.

ಮುಖ್ಯಸ್ಥರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಈಗ ಅವರು ಎದುರು ಮೇಜಿನವರಾಗಿದ್ದರು, ರೆಪ್ಪೆ ಬಡಿದು ಬೈಸಿಕೊಳ್ಳುತ್ತಿದ್ದವರು, ಅವರ ದನಿಯಲ್ಲಿ ಮರುಕವಿತ್ತು, ಅದು ನಾಟಕವಲ್ಲ ಎಂಬುದು ಅವಳಿಗೆ ಗೊತ್ತಾಯಿತು. ಅದರಿಂದಲೇ ಹೆಚ್ಚು ಕಷ್ಟವಾಯಿತು.

"ನೋಡಿ, ಇಪ್ಪತ್ತೆರಡು ವರ್ಷದ ಹಿಂದಿನದು. ಯಾರೂ ಕೇಳಿಲ್ಲ. ನಾವೂ ಇದನ್ನ ಕೇಳಿಸಿಕೊಂಡಿಲ್ಲ ಅಂತ ಇಟ್ಕೊಳ್ಳೋಣ. ಹನ್ನೆರಡು ಅಂತ ಬರೆದು ಮುಗಿಸ್ತೀನಿ. ಆಮೇಲೆ ನಿಧಾನವಾಗಿ ಒಂದು ತಿದ್ದುಪಡಿ ಕಳಿಸಿ."

ಹಿರಿಯಾಕೆ ಶಾಲು ಸರಿಮಾಡಿಕೊಂಡರು. ಬೇಡ ಎನ್ನಲಿಲ್ಲ. ಆ ನಿಧಾನವಾಗಿ ಎಂಬ ಪದ ಅವಳಿಗೆ ಚೆನ್ನಾಗಿ ಪರಿಚಯವಿತ್ತು. ಸೀಸೆಯಕ್ಕನಿಗೆ ತಾನು ಆಮೇಲೆ ಬಾ ಎಂದದ್ದೂ ಅದೇ ಪದ, ಇಪ್ಪತ್ತೆರಡು ವರ್ಷ ಹಿಡಿದದ್ದು ಅದೇ. ಹನ್ನೆರಡು ಬೇಕಿತ್ತು ಅವಳಿಗೆ. ಬೇಕಿಲ್ಲ ಎಂದು ಯಾರ ಮುಂದೆಯೂ ನಟಿಸಲಾರಳು. ಆದರೆ ಹೀಗೆ ಹನ್ನೆರಡು ಸಿಕ್ಕರೆ ಬೆಳಿಗ್ಗೆ ಕನ್ನಡಿಯ ಮುಂದೆ ಮಾಡಿದ ವಾದ ಯಾವ ಬಾಯಲ್ಲಿ ಮತ್ತೆ ಮಾಡುವುದು? ನನ್ನ ಕೆಲಸಕ್ಕೆ ನಾನೇ ಸಾಕ್ಷಿ ಎನ್ನಬೇಕಾದರೆ ಸಾಕ್ಷಿಯ ಬಾಯಿ ನೆಟ್ಟಗಿರಬೇಕು.

"ಕೇಳಿಸಿಕೊಂಡ್ವಿ ಅಂತ ಬರೀರಿ," ಎಂದಳು. "ಈಗಲೇ. ಓದಿ ನೋಡಿ ಸಹಿ ಹಾಕಿ ಹೋಗ್ತೀನಿ."

ಬರೆಯುವವರೆಗೂ ಅವಳು ಏಳಲಿಲ್ಲ. ಮುಖ್ಯಸ್ಥರು ಹೇಳುತ್ತ ಹೋದರು, ಯುವಕ ಬೆರಳಚ್ಚು ಮಾಡಿದ, ಮೂಲೆಯ ಯಂತ್ರ ಒಂದು ಹಾಳೆಯನ್ನು ಹೊರಗೆ ಹಾಕಿತು. ಅಂಕಿ ಎಂಟು, ನಿಗದಿತ ಮಟ್ಟ ತಲುಪಿಲ್ಲ, ಅರ್ಜಿಯನ್ನು ಪರಿಗಣಿಸಲಾಗಲಿಲ್ಲ. ಅದನ್ನು ಎರಡನೆಯ ಸಲ ಓದಲಿಲ್ಲ, ಮೊದಲ ಸಲವೇ ಸಾಕಾಗಿತ್ತು. ಅದರ ಮುಂದಿನ ಸಾಲಿನಲ್ಲಿ ಕಣ್ಣು ನಿಂತಿತು. ಪ್ರಯೋಗಾಲಯದ ಸಹಾಯಕ ಸಿಬ್ಬಂದಿಯೊಬ್ಬರ ಅಜಾಗರೂಕತೆಯಿಂದ ಮುಚ್ಚಳಗಳು ಅದಲುಬದಲಾದ ಕಾರಣ, ಎಂದಿತ್ತು. ಮುಖ್ಯಸ್ಥರು, ನಿಮ್ಮ ಹೆಸರಿಗೆ ಮಸಿ ಹತ್ತಬಾರದು ಅಂತ ಹಾಗೆ ಹಾಕಿಸಿದೆ ಎಂದರು. ಆಕೆ ಯಾರು ಎಂದು ಗೊತ್ತೇ ಎಂದು ಅವಳು ಕೇಳಿದಳು. ಅವರು ನೆನಪು ಮಾಡಿಕೊಳ್ಳಲು ಪ್ರಯತ್ನಿಸಿದರು, ಪ್ರಾಮಾಣಿಕವಾಗಿಯೇ, ಹುಬ್ಬು ಗಂಟಿಕ್ಕಿ. ಆರು ವರ್ಷ ಅವರ ಸೀಸೆಗಳನ್ನೂ ಸೀಸೆಯಕ್ಕನೇ ತೊಳೆದಿದ್ದಳು.

ಅವಳು ಪೆನ್ನು ತೆಗೆದು ಆ ಸಾಲಿನ ಮೇಲೆ ಅಡ್ಡಗೆರೆ ಎಳೆದಳು, ಕಾಗದ ಹರಿಯುವಷ್ಟು ಒತ್ತಿ. ಮೇಲೆ ಉಳಿದಿದ್ದ ಸಣ್ಣ ಜಾಗದಲ್ಲಿ ಸೀಸೆಯಕ್ಕನ ಹೆಸರನ್ನು ಹಾಜರಿ ಪುಸ್ತಕದಲ್ಲಿದ್ದ ಹಾಗೆ ಪೂರ್ತಿಯಾಗಿ ಬರೆದಳು. ಅದರ ಮುಂದೆ, ಇವರಿಗೆ ಗೊತ್ತಿತ್ತು, ನಾನು ಕೇಳಲಿಲ್ಲ, ಎಂದು ಬರೆದು, ಸಹಿ ಹಾಕಿದಳು.